ಡಾಲಸ್ಸಿನ ಅಗ್ರಹಾರದಲ್ಲಿ ನಮ್ಮತ್ತೆ

ಡಾಲಸ್ಸಿನ ನಮ್ಮ ಬೀದಿಯಲ್ಲಿ ನಮ್ಮದೊಂದು ಮನೆ ಬಿಟ್ಟರೆ ಎಲ್ಲರೂ ಸಂಪ್ರದಾಯಸ್ಥ ಯಹೂದಿಗಳು. ಅಲ್ಲಿಗೆ ಮೈಸೂರು ಕಡೆಯಿಂದ ನಮ್ಮತ್ತೆ ಬಂದಿಳಿದ ಮೇಲೆ ವಾರಕ್ಕೊಂದು ತಮಾಷೆ ತಪ್ಪಿದ್ದಿಲ್ಲ.

ನಾಮಕರಣ

ಬಂದ ಮೊದಲ ಶನಿವಾರ ಅತ್ತೆ ಕಿಟಕಿಯಲ್ಲಿ ನಿಂತಿದ್ದರು. ಹಾಲು ತರಲೂ ಕಾರು ತೆಗೆಯುವ ಊರಿನಲ್ಲಿ ಇಡೀ ಬೀದಿ ನಡೆದುಕೊಂಡು ಪ್ರಾರ್ಥನೆಗೆ ಹೊರಟಿತ್ತು. ಗಡ್ಡ, ಕರಿಕೋಟು, ತಲೆ ಮುಚ್ಚಿದ ಹೆಂಗಸರು, ಹಿಂದೆ ಮಕ್ಕಳ ದಂಡು.

“ಇದು ಅಗ್ರಹಾರ ಕಣಮ್ಮ!” ಎಂದರು. ಮುಖ ಬಾಡಿತು. ಹುಡುಗಿಯಾಗಿದ್ದಾಗ ಊರಿನ ಅಗ್ರಹಾರಕ್ಕೆ ಹೂವು ಮಾರಲು ಹೋದರೆ ಅವರು ಜಗಲಿಯ ಕೆಳಗೇ ನಿಲ್ಲಬೇಕಿತ್ತು. “ನಂಗಿಲ್ಲಿ ಆಗಲ್ಲ. ಟಿಕೆಟ್ ಮಾಡ್ಸು.”

ನನಗೆ ಜೀವ ಬಾಯಿಗೆ ಬಂತು. ಎಳೆ ಮಗುವನ್ನು ಅತ್ತೆಯ ಕೈಗಿತ್ತು ಆಫೀಸಿಗೆ ಹೋಗುವುದೆಂದು ನಂಬಿ ಕೂತಿದ್ದೆ. ಡಾಲಸ್ಸಿನ ಹೊರವಲಯದ ಪ್ರಾಸ್ಪರ್ ಊರಿನಲ್ಲಿರುವ ನನ್ನ ಗೆಳತಿ ಫೋನಿನಲ್ಲೇ ಅತ್ತೆಗೆ ಸಮಾಧಾನ ಹೇಳಿದಳು: “ನಮ್ಮನೆಗೆ ಬಂದ್ಬಿಡಿ ಆಂಟಿ. ನಮ್ಮ ಬೀದೀಲಿ ಮನುಷ್ಯರೇ ಕಾಣಲ್ಲ!”

ಕೋಡುಬಳೆ

ಪರಿಚಯವಾದರೆ ಮನಸ್ಸು ಬದಲಾದೀತೆಂದು ಅತ್ತೆಯ ಕೈಯಲ್ಲಿ ಕೋಡುಬಳೆ ಕೊಟ್ಟು ಪಕ್ಕದ ಮನೆಗೆ ಕರೆದುಕೊಂಡು ಹೋದೆ. ಆ ಮನೆಯ ಆಂಟಿ ಸಂಕೋಚದಿಂದ, ಹೊರಗಿನ ಅಡುಗೆ ತಾವು ತಿನ್ನುವಂತಿಲ್ಲ ಎಂದರು.

“ಕಂಡ್ಯಾ?” ಎಂದು ಅತ್ತೆ ತಿರುಗಿಯೇಬಿಟ್ಟರು.

ಆಂಟಿ ಬೆನ್ನಿಗೇ ಓಡಿಬಂದು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕಿಳಿಸಿದೆ: “ಬೇಜಾರು ಮಾಡ್ಕೋಬೇಡಿ. ನನ್ನ ನಾದಿನಿ ಮನೇಲೂ ನಾನು ತಿನ್ನಲ್ಲ. ಅವಳ ಅಡುಗೆಮನೆ ಮೇಲೆ ನಂಬಿಕೆ ಇಲ್ಲ.”

ಅತ್ತೆಯ ಮುಖ ಅರಳಿತು. “ನಾದಿನಿ ಮನೇಲೂ ತಿನ್ನಲ್ವಂತಾ? ನಮ್ಮಂಥವರೇ ಬಿಡು!”

ಸೆಕೆ

ಮುಂದಿನ ಶನಿವಾರ ಬೆಂಕಿಯಂಥ ಬಿಸಿಲು. ಅದೇ ಆಂಟಿ ಬಂದು, “ನಮ್ಮನೆ ತುಂಬಾ ಸೆಕೆ” ಎಂದು ಸುಮ್ಮನೆ ನಿಂತರು. ನಾನೂ ಟೆಕ್ಸಾಸ್ ಬಿಸಿಲನ್ನು ಬೈದೆ. ಅವರು ನಿಂತೇ ಇದ್ದರು. “ಮಕ್ಕಳು ಬೆವರ್ತಿದ್ದಾರೆ” ಎಂದರು. ನಾನು ಪಾನಕ ಬೇಕೇ ಎಂದೆ.

ಇಂಗ್ಲಿಷಿನ ಒಂದಕ್ಷರ ಬಾರದ ಅತ್ತೆ ಅವರ ಬೆವರಿದ ಮುಖ ನೋಡಿ ಮಗುವನ್ನು ನನ್ನ ಕೈಗಿತ್ತರು. “ದಡ್ಡಿ, ಅವರು ಬಾಯಿಬಿಟ್ಟು ಕೇಳೋ ಹಾಗಿಲ್ಲ ಕಣೆ. ಇವತ್ತು ಮಡಿ!” ಎನ್ನುತ್ತ ಅವರ ಮನೆಗೆ ಹೋಗಿ ಏಸಿ ಹಾಕಿ ಬಂದರು. ನಿಜವೇ. ಶನಿವಾರ ಅವರ ಧರ್ಮದಲ್ಲಿ ವಿಶ್ರಾಂತಿಯ ದಿನ; ಅವರು ಸ್ವಿಚ್ ಮುಟ್ಟುವಂತಿಲ್ಲ, ಮುಟ್ಟಿ ಎಂದು ಬೇರೆಯವರಿಗೆ ಹೇಳುವಂತೆಯೂ ಇಲ್ಲ.

ಸುದ್ದಿ ಹಬ್ಬಿತು. ಶನಿವಾರ ಬಂತೆಂದರೆ ಯಾರಾದರೊಬ್ಬರು ಬಂದು ಸೆಕೆಯ ಬಗ್ಗೆ ಮಾತಾಡತೊಡಗಿದರು. ಬೀದಿಯ ವಾಟ್ಸಾಪ್ ಗುಂಪಿಗೆ ಹೆಸರಿಡಲು ಜಗಳವಾಡಿ ಸುಸ್ತಾದ ಗಂಡಸರು ಕೊನೆಗೆ ಅತ್ತೆಯ ಬಾಯಲ್ಲಿ ದಿನಾ ಕೇಳುತ್ತಿದ್ದ ‘ಅಗ್ರಹಾರ’ವನ್ನೇ ಇಟ್ಟುಕೊಂಡರು. ಅರ್ಥ ಯಾರಿಗೂ ಗೊತ್ತಿಲ್ಲದ್ದರಿಂದ ತಕರಾರೂ ಬರಲಿಲ್ಲ. ನಾನಂತೂ ಆ ಬೀದಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆದರೂ ಅಳುಕಿನಿಂದಲೇ ಕೇಳಿದೆ: “ಅತ್ತೆ, ಟಿಕೆಟ್ಟು?”

“ಯಾವ ಟಿಕೆಟ್ಟು? ಆ ಅಗ್ರಹಾರದಲ್ಲಿ ನನ್ನನ್ನ ಹೊಸ್ತಿಲು ದಾಟೋಕೆ ಬಿಡಲಿಲ್ಲ. ಈ ಅಗ್ರಹಾರದಲ್ಲಿ ನಾನು ಹೊಸ್ತಿಲು ದಾಟದಿದ್ರೆ ಏಸಿನೇ ಓಡಲ್ಲ!”