ಮಾವಿನ ಹಬ್ಬಕ್ಕೆ ಹೋದ ಸಿಹಿ ಬಿಟ್ಟವರು

ನನಗೆ ಹೋಟೆಲಿನವರು ಮಾಡುವ ಹಬ್ಬಗಳನ್ನು ಕಂಡರೆ ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ‘ಈ ಮನುಷ್ಯ ಮೊದಲಿಂದಲೂ ಹೀಗೇನಾ’ ಎಂದು ನೀವು ಕೇಳಬಾರದು. ಹೌದು, ಮೊದಲಿಂದಲೂ ಹೀಗೇ. ನಮ್ಮಪ್ಪ ಗೋಡೆಗೆ ನೇತುಹಾಕುತ್ತಿದ್ದ ಪಂಚಾಂಗದಲ್ಲಿ ಆರು ಋತುಗಳಿದ್ದವು. ಅವು ತಮ್ಮ ಪಾಡಿಗೆ ತಾವು ಬಂದು, ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು. ಋತುಗಳನ್ನು ಹೋಟೆಲಿನವರು ಕರೆತರಬೇಕು ಎಂಬುದು ನನಗೆ ಹೈದರಾಬಾದಿಗೆ ಬಂದ ಮೇಲೆಯೇ ಗೊತ್ತಾದದ್ದು. ರಂಜಾನ್ ತಿಂಗಳಲ್ಲಿ ಬೀದಿಬೀದಿಗೆ ಏಳುವ, ಮಾಂಸದ ಹಲೀಮು ಬೇಯಿಸುವ ಭಟ್ಟಿಗಳನ್ನು ನಾನು ಬಯ್ಯುವುದಿಲ್ಲ. ಅದು ಈ ಊರಿನ ನಿಜವಾದ ಸಂಭ್ರಮ, ತಿನ್ನದಿದ್ದರೂ ಅದರ ವಾಸನೆಗೆ ಗೌರವ ಕೊಟ್ಟು ದಾಟಿಹೋಗುತ್ತೇನೆ. ನನ್ನ ತಕರಾರೆಲ್ಲ ಉಳಿದವುಗಳ ಮೇಲೆ. ನಾಲ್ಕು ಹನಿ ಬಿದ್ದರೆ ಬೇಗಂಪೇಟೆಯ ದೊಡ್ಡ ಹೋಟೆಲಿನಲ್ಲಿ ಮಳೆಗಾಲದ ಉತ್ಸವ. ಸಂಕ್ರಾಂತಿ ಬಂದರೆ ಹದಿನೈದನೇ ಮಹಡಿಯ ಬಾರಿನಲ್ಲಿ ಎತ್ತಿನ ಗಾಡಿಯ ಚಕ್ರ ನಿಲ್ಲಿಸಿ ಅದರ ಪಕ್ಕದಲ್ಲಿ ಕಾಕ್‌ಟೇಲ್. ಎತ್ತು ಎಲ್ಲಪ್ಪಾ ಎಂದು ಕೇಳಿದರೆ ಲಿಫ್ಟಿನಲ್ಲಿ ಹಿಡಿಸಲಿಲ್ಲ ಎಂದಾರು.

ತಪ್ಪು ಹುಡುಕುವುದು ನನ್ನ ಕಸುಬು. ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದೇನೆ. ಬೇರೆಯವರು ಕಷ್ಟಪಟ್ಟು ಮಾಡಿದ್ದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ಆಗೋದಿಲ್ಲ’ ಎಂದು ಪಕ್ಕಕ್ಕಿಡುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಮನೆಯಲ್ಲಿ ಇದೇ ಸೇವೆಯನ್ನು ಪುಕ್ಕಟೆ ಮಾಡುತ್ತಿದ್ದೆ. ನನ್ನ ಹೆಂಡತಿ ಮಹಾದೇವಿ ಅದಕ್ಕೆ ಸೊಪ್ಪು ಹಾಕಿದವಳಲ್ಲ. ಒಮ್ಮೆ ಮಗಳು ಅಶ್ವಿನಿ ತನ್ನ ಮೊದಲ ಸಂಬಳದಲ್ಲಿ ನಮ್ಮಿಬ್ಬರನ್ನು ಆ ಮಳೆಗಾಲದ ಉತ್ಸವಕ್ಕೆ ಕರೆದುಕೊಂಡು ಹೋಗಿದ್ದಳು. ಮೆಣಸಿನಕಾಯಿ ಭಜಿ, ಅದೂ ಒಂದೇ ಒಂದು, ಕಪ್ಪು ಕಲ್ಲಿನ ಹಲಗೆಯ ಮೇಲೆ ಮಲಗಿಕೊಂಡು ಬಂತು. ಜೊತೆಗೆ ಕೊಟ್ಟ ಶರಬತ್ತಿನ ಲೋಟಕ್ಕೆ ಬಣ್ಣದ ಕಾಗದದ ಪುಟ್ಟ ಛತ್ರಿ ಸಿಕ್ಕಿಸಿದ್ದರು. ನಾನು ಭಜಿಯ ಮೇಲೆ ಭಾಷಣ ಶುರು ಮಾಡಿದೆ. ಮಹಾದೇವಿ, “ಭಜಿ ಹಾಳಾಗ್ಲಿ ಬಿಡ್ರಿ, ಈ ಛತ್ರಿ ನೋಡ್ರಿ ಎಷ್ಟ ಚಂದ ಐತಿ” ಎಂದವಳೇ, ಪಕ್ಕದ ಮೇಜಿನವರು ಬಿಟ್ಟುಹೋಗಿದ್ದ ಛತ್ರಿಗಳನ್ನೂ ಕೇಳಿ ಇಸಿದುಕೊಂಡು ಪರ್ಸಿನೊಳಗಿಟ್ಟಳು. ಆ ವರ್ಷ ನಮ್ಮ ಮನೆಯ ಗಣಪತಿ ಛತ್ರಿಗಳ ನೆರಳಲ್ಲಿ ಕೂತು ಪೂಜೆ ಮಾಡಿಸಿಕೊಂಡ. ನಾನು ಅದರಲ್ಲೂ ಒಂದು ಛತ್ರಿ ಸೊಟ್ಟಗಿದೆ ಎಂದು ತೋರಿಸಿದ್ದೆ.

ಆ ಮಹಾದೇವಿ ಈ ಸಲ ಸಂಕ್ರಾಂತಿ ಮುಗಿದ ವಾರದಲ್ಲೇ ತೀರಿಕೊಂಡಳು. ಬೆಳಿಗ್ಗೆ ಎದೆಯಲ್ಲಿ ಉರಿ ಅಂದಳು. ಆಟೊ ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ಇರಲಿಲ್ಲ. ಇದನ್ನು ನಗಿಸುತ್ತಾ ಹೇಳುವ ಬಗೆ ನನಗೆ ಗೊತ್ತಿಲ್ಲ, ಆದ್ದರಿಂದ ಹೇಳಿ ಮುಂದಕ್ಕೆ ಹೋಗುತ್ತೇನೆ. ನಾವು ವಿಜಯಪುರದ ಕಡೆಯವರು. ನಮ್ಮಲ್ಲಿ ಸಾವಾದ ಮನೆಗೆ ಸಿಹಿ ಕಟ್ಟು. ಹೋದವಳ ತವರಿನವರು ಬಂದು, ಮನೆಯವರನ್ನು ಎದುರು ಕೂಡ್ರಿಸಿಕೊಂಡು, ತಮ್ಮ ಕೈಯಾರೆ ಬಾಯಿಗೆ ಸಿಹಿ ಇಡಬೇಕು. ಅತ್ತದ್ದು ಸಾಕು, ಇನ್ನು ಉಂಡು ಬದುಕಿರಿ ಎಂದು ಅಪ್ಪಣೆ ಕೊಟ್ಟ ಹಾಗೆ. ‘ಬಾಯಿ ಸಿಹಿ ಮಾಡುವುದು’ ಅನ್ನುತ್ತಾರೆ. ಸಾಮಾನ್ಯವಾಗಿ ಹದಿನೈದು ದಿನದೊಳಗೆ ಮುಗಿದುಹೋಗುವ ಕೆಲಸ. ನಮ್ಮ ಮನೆಯಲ್ಲಿ ಮುಗಿಯಲಿಲ್ಲ. ಯುಗಾದಿ ಬಂತು, ಬೆಲ್ಲ ಬಿಟ್ಟು ಬರೀ ಬೇವು ತಿಂದೆವು. ಮಾವಿನ ಹಣ್ಣು ಬಂತು, ಗಾಡಿಯವನು ಕೂಗುತ್ತಾ ಹೋಗುವುದನ್ನು ಕೇಳುತ್ತಾ ಕೂತೆವು. ಚಹಾದ ಸಕ್ಕರೆ ಸಿಹಿಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಊರಿಗೆ ಫೋನ್ ಮಾಡಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು; ಯಾಕೆ ರಗಳೆ ಎಂದು ಅದನ್ನೂ ಬಿಟ್ಟೆ. ಅಶ್ವಿನಿ ಆಫೀಸಿನಲ್ಲಿ ಕದ್ದು ಐಸ್‌ಕ್ರೀಮ್ ತಿನ್ನುತ್ತಾಳೆಂಬ ಗುಮಾನಿ ನನಗಿತ್ತು. ಅವಳ ದುಪಟ್ಟಾದ ಮೇಲೆ ಕಲೆ ಕಂಡಿತ್ತು, ಕೇಳಲಿಲ್ಲ.

ಸಿಹಿ ಇಡಬೇಕಾದವನು ಒಬ್ಬನೇ, ಮಹಾದೇವಿಯ ತಮ್ಮ ಮಲ್ಲಣ್ಣ. ತವರೆಂದರೆ ಈಗ ಅವನೊಬ್ಬನೇ. ದೂರವೇನಿಲ್ಲ, ಇಲ್ಲೇ ಶಂಶಾಬಾದಿನಲ್ಲಿ ಸಂಸಾರ ಹೂಡಿಕೊಂಡು, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಮಾಡುತ್ತಾನೆ. ಮಹಾದೇವಿ ಹೋದ ದಿನ ಅವನಿಗೆ ಫೋನ್ ಮಾಡಿದ್ದೇ ಮಾಡಿದ್ದು. ಆದರೆ ಅಲ್ಲಿ ಪಾಳಿಗೆ ಒಳಹೋಗುವವರು ಫೋನನ್ನು ಹೊರಗೆ ಲಾಕರಿನಲ್ಲಿಟ್ಟು ಹೋಗಬೇಕು. ಅವನು ಪಾಳಿ ಮುಗಿಸಿ, ಫೋನ್ ನೋಡಿ, ಹಾರ ಹಿಡಿದುಕೊಂಡು ರುದ್ರಭೂಮಿಗೆ ಓಡಿಬಂದಾಗ, ಹೊತ್ತು ಮುಳುಗುವುದರೊಳಗೆ ಆಗಬೇಕೆಂದು ಹಿರಿಯರು ಅವಸರ ಮಾಡಿ ಮಣ್ಣು ಕೊಟ್ಟಾಗಿತ್ತು. ಹಾರವನ್ನು ಹಸಿಮಣ್ಣಿನ ಮೇಲೆ ಹಾಕಿದ. ನನ್ನ ಮುಖ ನೋಡಲಿಲ್ಲ. ಹಾಗೇ ಹೊರಟುಹೋದವನು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಕ್ಕನ ಮುಖ ಕೊನೆಯ ಸಲ ತೋರಿಸಲಿಲ್ಲವೆಂದು ಅವನಿಗೆ ನನ್ನ ಮೇಲೆ ಸಿಟ್ಟು ಎಂದುಕೊಂಡೆ. ನನ್ನ ಕೈ ಮೀರಿದ್ದಕ್ಕೆ ಇವನಿಗೇಕೆ ಇಷ್ಟು ಸೊಕ್ಕು ಎಂದು ನನಗೂ ಸಿಟ್ಟು ಬಂತು. ಸಿಟ್ಟು ಮಾಡಿಕೊಂಡು ಕೂಡ್ರುವುದರಲ್ಲಿ ನನ್ನನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ.

ಮೇ ತಿಂಗಳಲ್ಲಿ ಅಶ್ವಿನಿ ಮೊಬೈಲ್ ಹಿಡಿದುಕೊಂಡು ಎದುರು ಬಂದು ನಿಂತಳು. ಕೊಂಡಾಪುರದಲ್ಲಿ ಅವಳ ಆಫೀಸಿನ ಹತ್ತಿರದ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಮಾವಿನ ಹಬ್ಬವಂತೆ, ಭಾನುವಾರ ಮಧ್ಯಾಹ್ನ ನಾವು ಹೋಗಬೇಕಂತೆ, ಮಲ್ಲಣ್ಣನೂ ಬರುತ್ತಾನಂತೆ.

“ಸಿಹಿ ಬಿಟ್ಟವರನ್ನ ಮಾವಿನ ಹಬ್ಬಕ್ಕ ಕರೀತಿ, ತಲಿ ನೆಟ್ಟಗ ಐತೇನ ನಿಂದು?” ಎಂದೆ.

“ಮಲ್ಲುಮಾಮಾ ನಮ್ಮ ಮನಿಗೆ ಬರಂಗಿಲ್ಲ, ನೀ ಅವರ ಮನಿಗೆ ಹೋಗಂಗಿಲ್ಲ. ಹೋಟೆಲ್ ಯಾರ ಮನಿನೂ ಅಲ್ಲ. ಅಲ್ಲಿ ಸಿಹಿ ಇಲ್ಲದ್ದ ಏನೂ ಇರಂಗಿಲ್ಲ. ಒಂದ ಚಮಚ ಇಟ್ಟರ ಮುಗೀತು. ಲೈಟ್ ತಗೋ ಅಪ್ಪಾ.”

ಈ ಊರಿನಲ್ಲಿ ಬೆಳೆದ ಮಕ್ಕಳು ಎಂಥ ಭಾರವಾದ ಸಂಗತಿಗೂ ‘ಲೈಟ್ ತಗೋ’ ಅನ್ನುತ್ತಾರೆ. ನಾನು ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೊಬೈಲ್ ಕೆಳಗಿಟ್ಟು, “ಅವ್ವ ಹೋದ್ಳು. ಈಗ ಮಾಮಾನೂ ಹೋದಂಗ ಆಗೇತಿ. ಇಷ್ಟ ದೊಡ್ಡ ಊರಾಗ ನನಗ ಇನ್ಯಾರದಾರಪಾ?” ಎಂದಳು. ನಾನು ಒಳಗೆ ಹೋಗಿ ಅಂಗಿಗೆ ಇಸ್ತ್ರಿ ಹಾಕತೊಡಗಿದೆ.

ಆ ಜಾಗದ ಬಾಗಿಲಲ್ಲಿ ಪ್ಲಾಸ್ಟಿಕ್ಕಿನ ಮಾವಿನಕಾಯಿಗಳನ್ನು ಗೊಂಚಲುಗೊಂಚಲಾಗಿ ತೂಗುಹಾಕಿದ್ದರು. ಹಳದಿ ಸೀರೆಯ ಹುಡುಗಿಯೊಬ್ಬಳು, “ವೆಲ್‌ಕಮ್ ಅಂಕಲ್, ಆಮ್ ಪನ್ನಾ ಲೀಜಿಯೇ” ಎಂದು ಮಾವಿನಕಾಯಿ ಶರಬತ್ತಿನ ಲೋಟ ಚಾಚಿದಳು. ಬೇಡ ಅಂದೆ. “ಫ್ರೀ ಹೈ ಅಂಕಲ್” ಅಂದಳು. ನನ್ನ ದುಃಖದ ಕಾರಣವನ್ನು ಅವಳಿಗೆ ಹಿಂದಿಯಲ್ಲಿ ವಿವರಿಸುವಷ್ಟು ಹಿಂದಿ ನನ್ನಲ್ಲಿಲ್ಲ, “ಶುಗರ್ ಹೈ” ಎಂದು ತಪ್ಪಿಸಿಕೊಂಡೆ. ಒಳಗೆ ಸಾಲಾಗಿ ಇಟ್ಟಿದ್ದ ಪಾತ್ರೆಗಳ ಮುಚ್ಚಳವನ್ನು ಒಂದೊಂದಾಗಿ ಎತ್ತಿ ತಪಾಸಣೆ ಮಾಡಿದೆ. ಪನೀರಿಗೆ ಮಾವಿನಹಣ್ಣು, ಪಲಾವಿಗೆ ಮಾವಿನಹಣ್ಣು, ಪಿಜ್ಜಾದ ಮೇಲೂ ಅದೇ ಹಣ್ಣು ಹೆಚ್ಚಿ ಹಾಕಿದ್ದರು. ಉಪ್ಪಿನಕಾಯಿಯಾದರೂ ಉಪ್ಪಾಗಿರಬೇಕಲ್ಲ ಎಂದು ನಂಬಿ ಹೋದರೆ ಅದು ಬೆಲ್ಲ ಹಾಕಿದ್ದು. ಮೊಸರಿನ ಬಟ್ಟಲನ್ನು ಕಂಡು ದೇವರೇ ಸಿಕ್ಕಿದನೆಂದು ಕೈ ಚಾಚಿದೆ. ಹತ್ತಿರ ಹೋದರೆ ಅದೂ ಹಳದಿಯಾಗಿತ್ತು. ಕೊನೆಗೆ ಒಂದು ಒಣ ರೊಟ್ಟಿ, ನಾಲ್ಕು ಸೌತೆಕಾಯಿ ಹೋಳು ಇಟ್ಟುಕೊಂಡು, ನಾಲ್ಕು ಕುರ್ಚಿಯ ಮೇಜಿಗೆ ಬಂದು ಕೂತೆ.

ಮಲ್ಲಣ್ಣ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದ. ಎಷ್ಟು ಬಡವಾಗಿದ್ದನೆಂದರೆ ಕತ್ತಿನ ಸುತ್ತ ಕಾಲರು ಸಡಿಲಾಗಿ ನಿಂತಿತ್ತು. “ಆರಾಮ್ರಿ?” ಅಂದ. “ಹೂಂ” ಅಂದೆ. ಅಶ್ವಿನಿ ನಮ್ಮಿಬ್ಬರ ನಡುವೆ ಕೂತು, ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡುತ್ತಾ, ಹವಾಮಾನದ ಬಗ್ಗೆ, ಮೆಟ್ರೊ ಬಗ್ಗೆ, ಆಫೀಸಿನ ಲಿಫ್ಟಿನ ಬಗ್ಗೆ ಒಂದೇ ಸಮನೆ ಮಾತಾಡಿದಳು. ಪಾಪ, ಅವಳ ಬಾಯಿ ಒಣಗಿಹೋಗಿತ್ತು. ಮಲ್ಲಣ್ಣ ಎದ್ದುಹೋಗಿ ಪಾತ್ರೆಗಳ ಮುಂದೆ ಒಂದು ಸುತ್ತು ಹಾಕಿ, ಖಾಲಿ ತಟ್ಟೆ ಹಿಡಿದುಕೊಂಡೇ ವಾಪಸು ಬಂದ. ನನ್ನ ಎದುರು ಕೂತು ಉಣ್ಣಲೂ ಇವನಿಗೆ ಮನಸ್ಸಿಲ್ಲ ನೋಡಿ ಎಂದು ನನ್ನ ಪಿತ್ತ ನೆತ್ತಿಗೇರಿತು.

ವೇಟರ್ ಬಂದು, “ಸರ್, ಡ್ರಿಂಕ್ ಏಮೈನಾ?” ಎಂದು ತೆಲುಗಿನಲ್ಲಿ ಕೇಳಿದ. ಮಲ್ಲಣ್ಣ ಮತ್ತೊಮ್ಮೆ ಪಾತ್ರೆಗಳ ಕಡೆ ನೋಡಿ, “ಒಕ ಬೀರ್” ಎಂದ. ನಾನು ಹೌಹಾರಿದೆ. ಜನ್ಮದಲ್ಲಿ ಕುಡಿದವನಲ್ಲ! ಇಷ್ಟಲಿಂಗ ಕಟ್ಟಿದವನು! ಅದೂ ಅಕ್ಕನ ಮಗಳ ಮುಂದೆ, ನನ್ನ ಮುಂದೆ! ಅವನು ತಲೆ ತಗ್ಗಿಸಿ, “ತಪ್ಪ ತಿಳೀಬ್ಯಾಡ್ರಿ ಮಾಮಾರ. ಇಲ್ಲೆ ಸಿಹಿ ಇಲ್ಲದ್ದ ಇದೊಂದ ಕಾಣಾಕತ್ತೈತಿ. ಕಹಿ ನಡೀತೈತಲ್ರಿ” ಎಂದ. ಲೋಟ ಬಂತು. ಕಣ್ಣು ಮುಚ್ಚಿ, ಕಷಾಯ ಕುಡಿಯುವವನಂತೆ ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಮರುಕ್ಷಣವೇ ಕರವಸ್ತ್ರಕ್ಕೆ ಉಗುಳಿಬಿಟ್ಟ. “ಅಯ್ಯ ಇದರ! ಇದರಾಗೂ ಮಾವಿನ ಹಣ್ಣ ಹಾಕ್ಯಾರ್ರಿ!” ಎಂದು ಗಾಬರಿಯಿಂದ ಬಾಯಿ ಒರೆಸಿಕೊಂಡ.

ಅಶ್ವಿನಿ ನಗುವುದೋ ಬಿಡುವುದೋ ತಿಳಿಯದೆ ಕೂತಿದ್ದಳು. ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. “ನೀ ಯಾಕೋ ಸಿಹಿ ಬಿಟ್ಟಿ? ನೀ ತವರಿನಾವ. ನಿನಗ್ಯಾವ ಕಟ್ಟು?” ಎಂದು ಕೇಳಿದೆ.

“ಅಕ್ಕನ ಮನ್ಯಾಗ ಬಾಯಿ ಸಿಹಿ ಆಗಿಲ್ಲ. ನಾ ಹ್ಯಾಂಗ ತಿನ್ನಲಿರಿ? ನಮ್ಮಾಕಿ ಹೋಳಿಗಿ ಮಾಡಿ ಇಟ್ಟರ ಗಂಟಲದಾಗ ಇಳ್ಯಾಂಗಿಲ್ಲ.”

“ಮತ್ತ ಬಂದು ಇಡಬೇಕಿತ್ತಲ್ಲೋ!”

“ಅಕ್ಕನ ಮಣ್ಣಿಗೆ ಸಿಗದಾವ ನಾ. ಯಾವ ಕೈಲೆ ನಿಮ್ಮ ಬಾಯಾಗ ಸಿಹಿ ಇಡ್ಲಿರಿ? ನಿಮ್ಮ ಬಾಗಿಲತನಾ ಬಂದ ತಿರುಗಿ ಹೋಗೇನ್ರಿ. ಬೆಲ್ ಒತ್ತಾಕ ಧೈರ್ಯ ಆಗಲಿಲ್ಲ.”

“ಒತ್ತಾಕ ಏನಾಗಿತ್ತೋ ಕತ್ತೀ!” ಎಂದು ನಾನು ಕೂಗಿದ್ದು ಇಡೀ ಹಾಲಿಗೆ ಕೇಳಿಸಿತು. ಇಷ್ಟು ತಿಂಗಳು ಅವನ ಮೇಲೆ ಹೊತ್ತುಕೊಂಡು ತಿರುಗಿದ ಸಿಟ್ಟೆಲ್ಲ ಆ ಒಂದು ಕೂಗಿನಲ್ಲಿ ಖರ್ಚಾಯಿತು. ಉಳಿದದ್ದು ಅಳು ಮಾತ್ರ.

ಅಶ್ವಿನಿ ಎದ್ದುಹೋಗಿ ಒಂದು ಪುಟ್ಟ ಗಾಜಿನ ಲೋಟ ತಂದಿಟ್ಟಳು. ಮಾವಿನ ಸೀಕರಣೆ. ನಮ್ಮ ಮನೆಯಲ್ಲಿ ಬೋಗುಣಿಯ ತುಂಬ ಮಾಡಿ, ಚಪಾತಿ ಮುಳುಗಿಸಿ ತಿನ್ನುವ ಪದಾರ್ಥವನ್ನು ಇವರು ತೀರ್ಥದಷ್ಟು ಅಳತೆಯಲ್ಲಿ ಕೊಟ್ಟಿದ್ದರು. “ಇಡ್ರಿ ಮಾಮಾ” ಎಂದಳು. ಮಲ್ಲಣ್ಣ ಮರದ ಚಮಚದಲ್ಲಿ ಎತ್ತಿಕೊಂಡ. ಅರ್ಧ ನನ್ನ ಇಸ್ತ್ರಿ ಅಂಗಿಯ ಮೇಲೆ ಬಿತ್ತು, ಅರ್ಧ ಬಾಯಿಗೆ ಬಂತು. ಏಲಕ್ಕಿ ಜಾಸ್ತಿಯಾಗಿತ್ತು. ನಾನು ಸುಮ್ಮನೆ ನುಂಗಿದೆ. ಅವನು ಅಶ್ವಿನಿಗೆ ಇಟ್ಟ. ಆಮೇಲೆ, ಪದ್ಧತಿಯಲ್ಲಿ ಇದೆಯೋ ಇಲ್ಲವೋ ನೋಡದೆ, ನಾನು ಚಮಚ ಕಸಿದುಕೊಂಡು ಅವನ ಬಾಯಿಗೆ ಇಟ್ಟೆ. ಮೂರೂ ಜನ, ಬಣ್ಣದ ದೀಪಗಳ ಕೆಳಗೆ, ಬಾಯಲ್ಲಿ ಸಿಹಿ ಇಟ್ಟುಕೊಂಡು ಗಳಗಳ ಅತ್ತೆವು.

ಒಬ್ಬರ ಬಾಯಿಗೊಬ್ಬರು ಸಿಹಿ ಇಟ್ಟು ಕಣ್ಣೊರೆಸಿಕೊಳ್ಳುವವರನ್ನು ಕಂಡರೆ ಹೋಟೆಲಿನವರಿಗೆ ಹೊಳೆಯುವುದು ಒಂದೇ. ನಾವು ಮೂಗು ಒರೆಸಿಕೊಳ್ಳುವುದರೊಳಗೆ ನಾಲ್ಕೈದು ಜನ ವೇಟರುಗಳು ಚಪ್ಪಾಳೆ ತಟ್ಟುತ್ತಾ, ಮೇಣದಬತ್ತಿ ಚುಚ್ಚಿದ ಕೇಕು ಹಿಡಿದುಕೊಂಡು ಮೇಜಿನ ಸುತ್ತ ನಿಂತಿದ್ದರು. “ನೇಮ್ ಸರ್? ಬರ್ತಡೇ ನೇಮ್?” ಎಂದು ಮುಂದಿನವನು ಕೇಳಿದ. ಅಶ್ವಿನಿ ಇಲ್ಲ ಇಲ್ಲ ಎಂದು ಕೈಯಾಡಿಸಲು ಹೋದಳು. ಮಲ್ಲಣ್ಣ ಎಲ್ಲೋ ನೋಡುತ್ತಾ, “ಮಹಾದೇವಿ” ಅಂದುಬಿಟ್ಟ.

ಅವರು ಹಾಡಿದರು. ಅಕ್ಕಪಕ್ಕದ ಮೇಜಿನವರೂ ದನಿಗೂಡಿಸಿದರು. ಕೊಂಡಾಪುರದ ಅಷ್ಟೂ ಹುಡುಗ ಹುಡುಗಿಯರು, ಮಾವಿನ ಬೀರು ಹಿಡಿದುಕೊಂಡು, ನನ್ನ ಹೆಂಡತಿಯ ಹೆಸರು ಹೇಳಿ ಹುಟ್ಟುಹಬ್ಬದ ಶುಭಾಶಯ ಕೋರಿದರು. ಮೂಲೆಯಲ್ಲಿದ್ದ ತೆಲುಗಿನ ಅಜ್ಜಿಯೊಬ್ಬರು ಕೂತಲ್ಲಿಂದಲೇ ನೂರು ವರ್ಷ ಬಾಳಲಿ ಎಂದು ಕೈಯೆತ್ತಿ ಹರಸಿದರು. ಬತ್ತಿಯನ್ನು ಯಾರೂ ಊದಲಿಲ್ಲ, ಅದು ತಾನೇ ಉರಿದು ಮುಗಿಯಿತು. ವೇಟರ್ ಕೇಕು ಕೊಯ್ದು ನಮಗೆ ಮೂರು ತಟ್ಟೆ ಕೊಟ್ಟ. ನಾಲ್ಕನೆಯದನ್ನು ಖಾಲಿ ಕುರ್ಚಿಯ ಮುಂದೆ ಇಟ್ಟು, “ಮೇಡಮ್ ಆ ರಹೀ ಹೈ ನಾ ಸರ್?” ಎಂದು ಕೇಳಿದ. “ಹಾಂ, ಬರ್ತಾಳ” ಎಂದು ನಾನು ಕನ್ನಡದಲ್ಲೇ ಹೇಳಿದೆ. ಅವನಿಗೆ ತಿಳಿಯಿತೇನೋ, ನಕ್ಕು ಹೋದ.

ಅಶ್ವಿನಿ ಮತ್ತು ಮಲ್ಲಣ್ಣ ತಮ್ಮ ಪಾಲು ತಿಂದು, ಬರುವ ಭಾನುವಾರ ಮನೆಗೆ ಬರುವ ಮಾತಾಡುತ್ತಿದ್ದರು. ಆ ನಾಲ್ಕನೆಯ ತಟ್ಟೆಯ ಕಡೆ ಇಬ್ಬರೂ ನೋಡದ ಹಾಗೆ ನಟಿಸುತ್ತಿದ್ದರು. ಮಹಾದೇವಿ ಹೊರಗೆ ಎಲ್ಲಿ ಏನು ತಿಂದರೂ ಅರ್ಧ ತಿಂದು, “ನನಗ ಸಾಕ್ರಿ” ಎಂದು ತಟ್ಟೆಯನ್ನು ನನ್ನ ಕಡೆ ಸರಿಸುವವಳು. ಅವಳ ಅರ್ಧವನ್ನು ಗೊಣಗುತ್ತಾ ಮುಗಿಸುವುದು ಮದುವೆಯಾದಾಗಿನಿಂದ ನನ್ನ ಪಾಲಿಗೆ ಬಂದ ಕೆಲಸ. ಅವತ್ತು ಇಡೀ ತುಂಡನ್ನೇ ಬಿಟ್ಟಿದ್ದಳು. ನಾನು ಆ ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ. ಕೇಕಿನಲ್ಲಿ ಮಾವಿನ ರುಚಿ ಎಳ್ಳಷ್ಟೂ ಇರಲಿಲ್ಲ, ಮೇಲಿನ ಕೆನೆ ಸಾಬೂನಿನ ಹಾಗಿತ್ತು, ಮಾಡಿದವನನ್ನು ಕರೆಸಿ ನಾಲ್ಕು ಮಾತು ಹೇಳಬೇಕಿತ್ತು. ಒಂದು ಚೂರೂ ಬಿಡದೆ ತಿಂದೆ.