ಊರು ನಮ್ಮ ಕಾಕಾನ ಬೆನ್ನು ಹತ್ತಿದೆ

ರಾಣೆಬೆನ್ನೂರು ಯಾಕೆ ಬೆಳೆಯುತ್ತಿದೆ ಎಂದು ಯಾರಾದರೂ ಕೇಳಿದರೆ ಜನಸಂಖ್ಯೆ, ವ್ಯಾಪಾರ ಎಂದೆಲ್ಲ ಹೇಳಬೇಡಿ. ಅದು ನಮ್ಮ ಕಾಕಾನನ್ನು ಹಿಡಿಯಲು ಹೊರಟಿದೆ! ಅವನು ಊರಾಚೆ ಹೋಗಿ ಮನೆ ಮಾಡುತ್ತಾನೆ. ಊರು ಏದುಸಿರು ಬಿಡುತ್ತ ಬಂದು ಅವನ ಬಾಗಿಲು ಮುಟ್ಟುತ್ತದೆ. ಅವನು ಮತ್ತೆ ಗಂಟು ಕಟ್ಟುತ್ತಾನೆ. ಹೊಸ ಮನೆಯೆಂದರೆ ಹಾಲು ಉಕ್ಕಿಸಬೇಕಲ್ಲ? ನಮ್ಮ ಮನೆತನದಲ್ಲಿ ಕುಡಿದದ್ದಕ್ಕಿಂತ ಉಕ್ಕಿಸಿದ ಹಾಲೇ ಹೆಚ್ಚು.

ಮೊದಲು ಬಜಾರದಲ್ಲಿ, ತನ್ನ ಬಟ್ಟೆ ಅಂಗಡಿಯ ಮೇಲೆಯೇ ಇದ್ದ. ಬಿಟ್ಟದ್ದೇಕೆ? ಪಕ್ಕದ ಮನೆಯ ಒಗ್ಗರಣೆಯ ಘಾಟು ತಡೆಯಲಾಗಲಿಲ್ಲವಂತೆ. ಆ ಒಗ್ಗರಣೆಗೆ ಬೀಳುತ್ತಿದ್ದದ್ದು ಬ್ಯಾಡಗಿ ಮೆಣಸಿನಕಾಯಿ, ಸ್ವಾಮಿ! ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಅದಕ್ಕೆ ಹೆದರಿ ಮನೆ ಬಿಟ್ಟವನು ಭೂಮಿಯ ಮೇಲೆ ಇವನೊಬ್ಬನೇ. ಮೇಲಾಗಿ ಅವನ ಹೆಂಡತಿ, ನಮ್ಮ ಕಾಕುವಿನ ತವರೇ ಬ್ಯಾಡಗಿ. ಇಷ್ಟನ್ನೂ ಮುಂದಿಟ್ಟೆ. ಅವನು ಸೀನಿದ.

ಆಮೇಲೆ ಹಲಗೇರಿ ರಸ್ತೆಯ ಬಡಾವಣೆ. ಅಲ್ಲಿ ನಾಯಿ ಬೊಗಳಿದರೆ ಯಾರ ಮನೆಯ ನಾಯಿ ಎಂಬುದೂ ತಿಳಿಯುತ್ತದೆ ಎಂದು ಬಂದವರಿಗೆಲ್ಲ ಹೊಗಳಿದ. ಅಷ್ಟರಲ್ಲಿ ಎದುರಿಗೇ ಕಲ್ಯಾಣ ಮಂಟಪ ಎದ್ದಿತು. ಕರೆಯೋಲೆ ಇರಲಿ ಬಿಡಲಿ, ತಾಲೂಕಿನ ಮದುವೆಗಳೆಲ್ಲ ಇವರ ಪಡಸಾಲೆಯಲ್ಲೇ ನಡೆಯತೊಡಗಿದವು. ಕಾಕಾ ಮತ್ತೆ ಎದ್ದ.

ಈಗಿನದು ಅದಕ್ಕೂ ಆಚೆಗಿನ ಲೇಔಟು. ಫಲಕದ ಮೇಲೆ ಈಜುಕೊಳದ ಚಿತ್ರ, ಫಲಕದ ಕೆಳಗೆ ಕೆಸರಲ್ಲಿ ಮಲಗಿದ ಎಮ್ಮೆ. ಮೂರನೇ ಕ್ರಾಸ್ ಎಲ್ಲಿ ಎಂದು ಫೋನಿನಲ್ಲಿ ಕೇಳಿದರೆ, "ಹೆಸರ ಬಂದೈತಿ, ಕ್ರಾಸ್ ಹಿಂದಿಂದ ಬರತೈತಿ" ಅಂದ.

ಅವನ ಹುಚ್ಚು ಅವನಿಗಿರಲಿ, ನಮ್ಮ ಚಿಂತೆಯೆಲ್ಲ ಕಾಕುವಿನದು. ಬಜಾರದ ಮೆಟ್ಟಿಲ ಮೇಲೆ ಕೂತರೆ ಓಣಿಯ ಹೆಂಗಸರನ್ನೆಲ್ಲ ನಗಿಸುತ್ತಿದ್ದವಳು ಬರಬರುತ್ತ ಬರೀ "ಹೂಂ" ಅನ್ನುವ ಮಟ್ಟಕ್ಕೆ ಬಂದಿದ್ದಳು. ಕಾರಣ ಸ್ಪಷ್ಟ: ಈ ಅಲೆದಾಟ. ನೆರೆಹೊರೆಯಿಲ್ಲದ ಬಯಲಿಗೆ ಹೋದ ಮೇಲೆ ಆ ಹೂಂ ಕೂಡ ಉಳಿಯುತ್ತದೆಯೇ? "ಡಿಬೇಟಿನ್ಯಾಗ ಢಾಲು ಗೆದ್ದ ಗೆದ್ದ ತಂದು ಕಪಾಟ ತುಂಬಿಸೀದಿ. ಹೋಗಿ ನಿಮ್ಮ ಕಾಕಾನ್ನ ಒಂದ ಸರ್ತಿ ಸೋಲ್ಸು, ಅವರಿಬ್ಬರನ್ನೂ ಬಜಾರಕ್ಕ ತಿರುಗಿಸು" ಎಂದು ಅವ್ವ ನನ್ನನ್ನು ಹಾವೇರಿಯಿಂದ ಬಸ್ಸು ಹತ್ತಿಸಿದಳು.

ಕಾಕಾನನ್ನು ಹೊಸ ಮನೆಯ ಪಡಸಾಲೆಯಲ್ಲಿ ಕೂರಿಸಿ ವಾದ ಶುರುಮಾಡಿದೆ. ತರಕಾರಿ ಎಲ್ಲಿ ಸಿಗುತ್ತದೆ? ಖರೇ ಐತಿ, ಸಿಗಂಗಿಲ್ಲ ಅಂದ. ಡಾಕ್ಟರು? ಖರೇ ಐತಿ. ಕಾಕುವಿನ ಜೊತೆ ಮಾತಾಡಲು ಒಂದು ನರಪಿಳ್ಳೆಯಾದರೂ? ಅದೂ ಖರೇ! ಎದುರಾಳಿ ಎಲ್ಲವನ್ನೂ ಒಪ್ಪಿಬಿಟ್ಟರೆ ಚರ್ಚಾಪಟು ಯಾರ ಮೇಲೆ ಹರಿಹಾಯಬೇಕು? ಕಾಕಾ ಅಡುಗೆಮನೆಯ ಕಡೆ ತಿರುಗಲೂ ಇಲ್ಲ, ಸಣ್ಣ ದನಿಯಲ್ಲಿ, "ಚಾ ಆತೇನ?" ಅಂದ.

"ಕುದ್ಯಾಕತ್ತೈತಿ, ತಡೀರಿ. ಮೊನ್ನಿಯಂಗ ಸಕ್ರಿ ಇಲ್ಲಂತ ಬೈಬ್ಯಾಡ್ರಿ ಮತ್ತ" ಎಂದು ಒಳಗಿಂದ ಕಾಕು.

ಆಕೆ ಇಷ್ಟೊಂದು ಮಾತನ್ನು ಒಟ್ಟಿಗೆ ಆಡಿದ್ದು ಕೇಳಿ ಎಷ್ಟು ಕಾಲವಾಗಿತ್ತು!

"ಆಕಿಗೆ ಕಿವಿ ಮಂದ ಆಗ್ಯಾವ," ಕಾಕಾ ಮೆಲ್ಲಗೆ ಅಂದ. "ಯಾರ ಮುಂದೂ ಹೇಳಬ್ಯಾಡ ಅಂದಿದ್ಲು. ಕಿವಿ ಮಷೀನ್ ಹಾಕಿಸಿದೆ. ಬಜಾರದಾಗ ಹಾಕ್ಕೊಂಡ್ರ ಬಜಾರೆಲ್ಲಾ ಕಿವ್ಯಾಗ ಹೊಕ್ಕತೈತಿ, ಮನಶ್ಯಾರ ಮಾತು ಸಿಗಂಗಿಲ್ಲ. ಏನ ಕೇಳಿದ್ರೂ ಹೂಂ ಅಂತಿದ್ಲು. ಇಲ್ಲೆ ಆದ್ರ ಆಕಿ ಜೋಡಿ ಜಗಳಾಡಾಕ ಬರತೈತಿ."

ಕಾಕು ಚಹಾ ತಂದು ನನ್ನ ಕೈಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಎದುರಿಗೆ ಕೂತಳು.

"ನನ್ನ ಜೋಡಿ ಮಾತಾಡವ್ರ ಯಾರೂ ಇಲ್ಲಂತ ಆಗ್ಲಿಂದ ಒದರಾಕತ್ತೀಯಲ್ಲ ಯವ್ವಾ," ಅಂದಳು. "ಒಳಗ ಎಲ್ಲಾ ಕೇಳಸ್ತು." ಹಾಗೆನ್ನುವಾಗ ಆಕೆಯ ಮುಖ ನೋಡಬೇಕಿತ್ತು ನೀವು. "ಈಗ ನೀ ಬಂದೀಯಲ್ಲ, ಮಾತಾಡು. ಸಣ್ಣ ದನ್ಯಾಗ ಆದ್ರೂ ನಡೀತೈತಿ."