ಉಪ್ಪಿನ ಡಬ್ಬಿಗೆ ಬಿದ್ದ ನಕ್ಷತ್ರ

"ಶನಿವಾರದೊಳಗೆ ಆ ಮೇಜಿನ ಮುಂದೆ ಕಾಲಿಡೋಕೆ ಜಾಗ ಇಲ್ಲದ ಹಾಗೆ ಜನ ಸೇರಿಸ್ತೀನಿ. ಸೇರಿಸದಿದ್ರೆ ನಾನು ಈ ಮನೆ ಸೊಸೆಯೇ ಅಲ್ಲ" ಎಂದು ಸೊಸೆ ಸೌಟೆತ್ತಿ ಸಾರಿದಳು.

ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಎತ್ತಿದರು.

"ಯೋಚನೆ ಮಾಡಿ ಹೇಳಮ್ಮ. ಸಾಕ್ಷಿಗೆ ನಾವಿಬ್ರು ಇದ್ದೀವಿ."

ಸೊಸೆಗೆ ಮನೆಸಾಮಾನಿನ ದೊಡ್ಡ ಅಂಗಡಿಯಲ್ಲಿ ಕೆಲಸ. ಅಲ್ಲಿ ಬಾಣಲೆಗಳ ಸಾಲಿಗೂ ಡಬ್ಬಿಗಳ ಸಾಲಿಗೂ ನಡುವೆ ಫೋನಿನ ಆಟ ಮಾಡುವ ಕಂಪನಿಯವರು ಒಂದು ಮೇಜು ಹಾಕಿ, ಅದರ ಮೇಲೆ ಕಿಟಕಿಯಗಲದ ಪರದೆ ನಿಲ್ಲಿಸಿದ್ದರು. ಪರದೆಯಲ್ಲಿ ಒಂದು ಖಾಲಿ ಅಡುಗೆಮನೆ, ಅದರಲ್ಲಿ ಒಂದು ಒಲೆ, ಬರಿದಾದ ಹಲಗೆಗಳು. ಡಬ್ಬಿ, ಬಾಟಲಿ, ಪಾತ್ರೆಗಳು ಒಂದೊಂದಾಗಿ ತೇಲಿಬರುತ್ತವೆ. ಬೆರಳಿನಿಂದ ಎಳೆದು ಹಲಗೆಯ ಮೇಲಿಡಬೇಕು. ಸರಿಯಾಗಿ ಇಟ್ಟರೆ ಗಂಟೆ ಬಾರಿಸಿ ನಕ್ಷತ್ರ ಬೀಳುತ್ತದೆ. ಮೂರು ಹಲಗೆ ತುಂಬಿದ ಕೂಡಲೇ ಆಟ ನಿಂತು, "ನಿಮ್ಮಂಥ ಕೈ ಅಪರೂಪ. ಉಳಿದ ಮನೆ ಜೋಡಿಸಲು ಆಟವನ್ನು ನಿಮ್ಮ ಫೋನಿಗೆ ಇಳಿಸಿಕೊಳ್ಳಿ" ಎಂಬ ಬರಹ ಮೂಡುತ್ತದೆ. ಊಟಕ್ಕೆ ಕೂರಿಸಿ ಮೂರನೆಯ ತುತ್ತಿಗೆ ತಟ್ಟೆ ಎಳೆದುಕೊಂಡ ಹಾಗೆ!

ಮೇಜಿನ ಪಕ್ಕ ನಿಂತು ಗಿರಾಕಿಗಳನ್ನು ಕರೆಯುವುದು, ಆಡಿಸುವುದು, ಹೊಗಳುವುದು ಸೊಸೆಯ ಪಾಲಿಗೆ ಬಂದಿತ್ತು. ಕೆಲಸ ಕಲಿಸಲು ಬಂದ ಕಂಪನಿಯ ಹುಡುಗಿ ಒಂದು ಮಂತ್ರವನ್ನೂ ಒಂದು ಗುಟ್ಟನ್ನೂ ಹೇಳಿಕೊಟ್ಟಿದ್ದಳು. ಮಂತ್ರ: ಆಡುವವರು ಏನೇ ಮಾಡಲಿ, "ನೀವು ಇಟ್ಟಿದ್ದೇ ಸರಿ" ಅನ್ನಬೇಕು. ಗುಟ್ಟು: ಅಂಗಡಿಯ ಪರದೆಯಲ್ಲಿ ಯಾವ ಸಾಮಾನನ್ನು ಎಲ್ಲಿಟ್ಟರೂ ನಕ್ಷತ್ರ ಬೀಳುತ್ತದೆ. ಕಷ್ಟವೆಲ್ಲ ಫೋನಿಗೆ ಇಳಿಸಿಕೊಂಡ ಮೇಲೆ.

"ರುಚಿ ನೋಡೋಕೆ ಯಾರಾದ್ರೂ ಖಾರದ ತುಂಡು ಕೊಡ್ತಾರಾ? ಇದನ್ನ ಗಿರಾಕಿ ಹತ್ರ ಬಾಯಿಬಿಟ್ರೆ ಅವತ್ತೇ ನಿಮ್ಮ ಮೇಜು ಎತ್ತಿಸ್ತೀವಿ" ಎಂದೂ ಹೇಳಿದ್ದಳು.

ಬಾಯಿಬಿಡುವುದಿರಲಿ, ಬಾಯಿ ನೋಡಲು ಕೂಡ ಯಾರೂ ಬರಲಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಯನ್ನು ದಾಟುವ ಹಾಗೆ ಜನ ಮೇಜನ್ನು ಸುತ್ತಿ ಬಳಸಿ ಹೋಗುತ್ತಿದ್ದರು. ಕೊನೆಗೆ ಮ್ಯಾನೇಜರ್ ಬಂದರು. ಇವರು ಮಗು ಮಲಗಿಸುವ ದನಿಯ ಮನುಷ್ಯ. ಇವರಿಂದ ಕೆಲಸ ಕಳೆದುಕೊಂಡವರೂ ಥ್ಯಾಂಕ್ಸ್ ಹೇಳಿ ಹೋಗಿದ್ದುಂಟು.

"ಶನಿವಾರ ಕಂಪನಿ ಮೇಡಂ ಬರ್ತಾರಮ್ಮ. ಮೇಜಿನ ಹತ್ರ ಜನ ಕಾಣದಿದ್ರೆ ಎತ್ತಿಸ್ತಾರೆ. ನೀವು ಆರಾಮಾಗಿ ಗೋಡೌನಿಗೆ ವಾಪಸ್ ಹೋಗಬಹುದು. ಅಲ್ಲಿ ಫ್ಯಾನೂ ಇದೆ."

ಫ್ಯಾನು ಇತ್ತು, ನಿಜ. ಕಿಟಕಿ ಇರಲಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಬೆಲೆಯ ಚೀಟಿ ಅಂಟಿಸುತ್ತ, ಉಗುರಿನ ಸಂದಿಯಲ್ಲಿ ಅಂಟು ಕಟ್ಟಿಕೊಂಡು, ಮಾತಾಡಲು ಮನುಷ್ಯರಿಲ್ಲದೆ ರಟ್ಟಿನ ಪೆಟ್ಟಿಗೆಗಳಿಗೇ "ಸರಕೊಳ್ಳಪ್ಪ" ಎನ್ನುತ್ತಿದ್ದ ಹೆಣ್ಣು ಅವಳು. ಕಿತ್ತಳೆ ಬಣ್ಣದ ಟೀ ಶರ್ಟ್ ತೊಟ್ಟು ಬೆಳಕಿನಲ್ಲಿ ನಿಂತ ಮೇಲೆ ಮತ್ತೆ ಆ ಗುಹೆಗೆ ಹೋಗಲು ಅವಳು ತಯಾರಿರಲಿಲ್ಲ.

ಹಾಗಾಗಿ ಆ ಪ್ರತಿಜ್ಞೆ. ಅದರ ಬೆನ್ನಿಗೆ ಉಪಾಯವೂ ಸಿದ್ಧವಿತ್ತು.

"ಒಂದು ಕುರಿ ಹಳ್ಳಕ್ಕೆ ಇಳಿದ್ರೆ ಸಾಕು, ಮಂದೆ ತಾನಾಗೇ ಬರುತ್ತೆ. ರೀ, ನೀವು ಶನಿವಾರ ಗಿರಾಕಿ ಥರ ಬಂದು ಆಡಿ."

ಗಂಡ ಗಡಿಯಾರ ರಿಪೇರಿಯವನು, ಸುಳ್ಳೆಂದರೆ ಎರಡು ನಿಮಿಷ ಹಿಂದೆ ಬೀಳುವವನು. "ಸುಳ್ಳು ಹೇಳಿದ್ರೆ ನನ್ನ ಕಿವಿ ಕೆಂಪಾಗುತ್ತೆ ಕಣೆ. ದೂರದಿಂದ್ಲೇ ಕಾಣುತ್ತೆ."

"ನಾನು ಬರ್ತೀನಿ" ಎಂದರು ಅತ್ತೆ. "ಗುರುತಿಲ್ಲದವರ ಹಾಗೆ ಇರಬೇಕು, ಅಷ್ಟೇ ತಾನೆ? ಮನೇಲೇ ಅಭ್ಯಾಸ ಆಗಿದೆ."

ಆ ಮಾತಿನೊಳಗೆ ಒಂದು ಉಪ್ಪಿನ ಡಬ್ಬಿ ಇತ್ತು. ಮದುವೆಯಾಗಿ ಬಂದ ವಾರವೇ ಸೊಸೆ ಅಡುಗೆಮನೆಯನ್ನು ಹೊಸದಾಗಿ ಜೋಡಿಸಿ, ಒಲೆಯ ಪಕ್ಕದ ಕೆಳಹಲಗೆಯಲ್ಲಿದ್ದ ಉಪ್ಪನ್ನು ಮೇಲಿನ ಹಲಗೆಗೆ ಏರಿಸಿದ್ದಳು. ಒಲೆಯ ಹಬೆಗೆ ಉಪ್ಪು ನೀರೊಡೆಯುತ್ತದೆ ಎಂಬುದು ಅವಳ ಶಾಸ್ತ್ರ. ಅತ್ತೆ ಸೊಸೆಯ ಭುಜದ ಎತ್ತರದವರು. ಮುಕ್ಕಾಲಿಯ ಮೇಲೆ ಹತ್ತಿ ಬೆಳಗ್ಗೆ ಡಬ್ಬಿ ಇಳಿಸುತ್ತಿದ್ದರು, ಸಂಜೆ ಸೊಸೆ ಏರಿಸುತ್ತಿದ್ದಳು. ಎರಡು ವರ್ಷದಿಂದ ಈ ಏರಿಳಿತ ನಡೆದಿತ್ತು. ಈ ಬಗ್ಗೆ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಡಬ್ಬಿಗೆ ಕಾಲಿದ್ದಿದ್ದರೆ ಅದು ಎಂದೋ ಬೇರೆ ಮನೆ ನೋಡಿಕೊಳ್ಳುತ್ತಿತ್ತು.

ಶನಿವಾರ ಅತ್ತೆ ಮಗನ ಕಪ್ಪು ಕನ್ನಡಕ ಏರಿಸಿಕೊಂಡು ಅಂಗಡಿಗೆ ಚಿತ್ತೈಸಿದರು. ಕನ್ನಡಕದ ಕತ್ತಲಲ್ಲಿ ಬಾಣಲೆಗಳ ಗೋಪುರಕ್ಕೊಮ್ಮೆ ಹಾಯ್ದು, ಅದರ ಕ್ಷಮೆ ಕೇಳಿ, ಮೇಜಿನ ಹತ್ತಿರ ಬಂದರು.

"ಬನ್ನಿ ಮೇಡಂ. ಒಂದು ಆಟ ಆಡಿ ನೋಡಿ."

"ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ."

"ಬನ್ನಿ ಮೇಡಂ" ಎಂದು ಸೊಸೆ ಹಲ್ಲು ಬಿಗಿಹಿಡಿದು ನಕ್ಕಳು.

"ಮನೇಲೂ ಹೀಗೇ ನಗ್ತೀರಾ?" ಎಂದು ಅತ್ತೆ ವಿಚಾರಿಸಿದರು. ಕುರ್ಚಿ ತರಿಸಿಕೊಂಡರು. ನೀರು ತರಿಸಿಕೊಂಡು ಕುಡಿದರು. ಆಮೇಲೆ ಆಟಕ್ಕೆ ಕೈಹಾಕಿದರು. ಎಣ್ಣೆ ಬಾಟಲಿ ಬಂತು, ಇಟ್ಟರು. ಸಕ್ಕರೆ ಬಂತು, ಇಟ್ಟರು. ಗಂಟೆ, ನಕ್ಷತ್ರ, "ನೀವು ಇಟ್ಟಿದ್ದೇ ಸರಿ ಮೇಡಂ" ಎಲ್ಲವೂ ಲಕ್ಷಣವಾಗಿ ನಡೆಯುತ್ತಿದ್ದಾಗ, ಹಣೆಬರಹವೇ ತೇಲಿಬಂದಂತೆ ಉಪ್ಪಿನ ಡಬ್ಬಿ ತೇಲಿಬಂತು.

ಸೊಸೆಯ ಬೆರಳು ತಾನಾಗಿ ಎದ್ದಿತು. "ಅದು ಮೇಲಿನ ಹಲಗೆಗೆ ಮೇಡಂ."

ಅತ್ತೆ ಕನ್ನಡಕ ತೆಗೆದರು. "ಯಾಕ್ರೀ? ಉಪ್ಪು ಒಲೆ ಪಕ್ಕ ಕೈಗೆ ಸಿಗೋ ಹಾಗಿರಬೇಕು."

"ಹಬೆಗೆ ನೀರೊಡೆಯುತ್ತೆ ಮೇಡಂ."

"ಮುಚ್ಚಳ ಸರಿಯಾಗಿ ಮುಚ್ಚೋರ ಮನೇಲಿ ಒಡೆಯಲ್ಲ."

"ಮುಚ್ಚಳ ಸಡಿಲ ಬಿಡೋರು ಯಾರು ಅಂತ ಹೇಳಲಾ ಮೇಡಂ?"

"ಹೇಳ್ರೀ ನೋಡೋಣ. ಗಿರಾಕಿ ಹತ್ರ ಹೀಗಾ ಮಾತಾಡೋದು?"

ನೆಲ ಒರೆಸುವ ಕೋಲು ಹಿಡಿದು ಹೋಗುತ್ತಿದ್ದ ಗಂಡಸೊಬ್ಬ ನಿಂತ. ಜರಡಿ ಹಿಡಿದ ಹೆಂಗಸು ನಿಂತಳು. "ಉಪ್ಪು ಕೆಳಗೇ ಇರಬೇಕು ಕಣ್ರೀ" ಎಂದಳು. "ನಮ್ಮ ಮನೇಲಿ ಮೇಲೆ" ಎಂದ ಕೋಲಿನವನು. "ಅಡುಗೆ ಮಾಡೋದು ನೀವಾ?" ಎಂಬ ಪ್ರಶ್ನೆಗೆ ಕೋಲನ್ನೇ ನೋಡತೊಡಗಿದ. ನೋಡನೋಡುತ್ತ ಮೇಲ್ಪಕ್ಷ, ಕೆಳಪಕ್ಷ ಎಂದು ಅಂಗಡಿ ಇಬ್ಭಾಗವಾಯಿತು. ಎತ್ತರದವರು ಮೇಲಿಡಲಿ, ಗಿಡ್ಡವರು ಕೆಳಗಿಡಲಿ ಎಂದು ಸಂಧಾನಕ್ಕೆ ಬಂದ ಬೋಳುತಲೆಯವರನ್ನು ಅತ್ತೆ ಮೆಲ್ಲಗೆ ಕೇಳಿದರು:

"ಒಂದೇ ಮನೇಲಿ ಇಬ್ರೂ ಇದ್ರೆ?"

ಅವರು ಸ್ವಲ್ಪ ಯೋಚಿಸಿ, ಒಂದು ಸ್ಟೂಲು ಕೊಂಡುಕೊಂಡು ಹೋದರು.

ಅತ್ತೆ ಡಬ್ಬಿಯನ್ನು ಕೆಳಹಲಗೆಗೆ ಎಳೆದರು. ಗಂಟೆ ಬಾರಿಸಿತು. ನಕ್ಷತ್ರ ಬಿತ್ತು.

"ನೋಡಿದ್ರಾ? ಯಂತ್ರಕ್ಕೂ ಗೊತ್ತು."

ಎಲ್ಲಿಟ್ಟರೂ ಬೀಳುವ ನಕ್ಷತ್ರ ಅದು! ಸತ್ಯ ಸೊಸೆಯ ನಾಲಿಗೆಯ ತುದಿಗೆ ಬಂದು ಕುಣಿಯಿತು. ಅಷ್ಟರಲ್ಲಿ ಗುಂಪಿನ ಹಿಂದೆ ಮ್ಯಾನೇಜರರ ಪಕ್ಕದಲ್ಲಿ ನಿಂತಿದ್ದ ಕಂಪನಿ ಮೇಡಂ ಕಣ್ಣಿಗೆ ಬಿದ್ದರು. ಬಾಯಿಬಿಟ್ಟರೆ ಗೋಡೌನು.

"ಈಗ ಹೇಳ್ರಿ. ಸರಿ ಯಾರದ್ದು?" ಅತ್ತೆ ಕೈಕಟ್ಟಿ ಕುಳಿತಿದ್ದರು.

"ನೀವು ಇಟ್ಟಿದ್ದೇ ಸರಿ, ಮೇಡಂ."

"ಹಿಂದಿರೋರಿಗೆ ಕೇಳಿಸ್ಲಿ."

"ನೀವು ಇಟ್ಟಿದ್ದೇ ಸರಿ!"

ಕೆಳಪಕ್ಷದವರು ಚಪ್ಪಾಳೆ ತಟ್ಟಿದರು. ರೋಷ ಬಂದ ಕೋಲಿನವನು ಮುಂದೆ ನುಗ್ಗಿ, ಉಪ್ಪನ್ನು ಮೇಲಿನ ಹಲಗೆಗೇ ಏರಿಸಿದ. ಗಂಟೆ ಬಾರಿಸಿತು. ನಕ್ಷತ್ರ ಬಿತ್ತು.

"ಇದೇನ್ರೀ, ಇದಕ್ಕೂ ಬಿತ್ತು?" ಎಂದಳು ಜರಡಿಯವಳು. ಎಲ್ಲರ ಕಣ್ಣೂ ಸೊಸೆಯ ಮೇಲೆ. ಅವಳಿಗೆ ಮೇಜು ಅಲ್ಲಾಡಿದಂತಾಯಿತು.

"ಬೀಳದೆ ಏನು? ಯಂತ್ರ ಆಡೋರ ಎತ್ತರ ನೋಡುತ್ತಮ್ಮ. ಅವರು ಎಷ್ಟು ಉದ್ದ ಇದ್ದಾರೆ, ನೋಡಿ" ಎಂದರು ಅತ್ತೆ, ಕಣ್ಣು ಮಿಟುಕಿಸದೆ.

"ಓಹೋ" ಎಂದಿತು ಜನ. ತಮ್ಮ ಎತ್ತರಕ್ಕೆ ಯಂತ್ರ ಏನು ಹೇಳುತ್ತದೋ ನೋಡಲು ಸಾಲುಗಟ್ಟಿತು. ಫೋನುಗಳು ಹೊರಬಂದವು. ಆಟ ಒಂದರ ಹಿಂದೊಂದು ಫೋನಿಗೆ ಇಳಿಯಿತು. ಕಂಪನಿ ಮೇಡಂ ಸೊಸೆಯ ಕೈ ಕುಲುಕಿದರು.

"ಅಂಥ ಗಿರಾಕಿನ ಎಷ್ಟು ತಾಳ್ಮೆಯಿಂದ ನೋಡ್ಕೊಂಡ್ರಿ. ಈ ಮೇಜು ಇಲ್ಲೇ ಇರಲಿ, ನೀವೂ ಇಲ್ಲೇ ಇರಿ."

ಸೊಸೆಯ ಎದೆ ಬಾಣಲೆಗಳ ಗೋಪುರಕ್ಕಿಂತ ಎತ್ತರಕ್ಕೆ ಉಬ್ಬಿತು. ಬಾಗಿಲವರೆಗೆ ಹೋಗಿದ್ದ ಅತ್ತೆ ಆಗಲೇ ತಿರುಗಿ ಬಂದು, ಎಲ್ಲರೆದುರು ಕೈಚಾಚಿದರು.

"ಬೀಗದ ಕೈ ಕೊಡೇ. ನಿನ್ನ ಬ್ಯಾಗಲ್ಲೇ ಉಳೀತು."

ಕಂಪನಿ ಮೇಡಂ ಅವರನ್ನು ನೋಡಿದರು, ಇವಳನ್ನು ನೋಡಿದರು.

"ನಿಮಗಿಬ್ರಿಗೂ ಪರಿಚಯಾನಾ?" ಎಂದು ಮ್ಯಾನೇಜರ್ ಜೋಗುಳದ ದನಿಯಲ್ಲಿ ಕೇಳಿದರು.

"ಪರಿಚಯ ಏನಿಲ್ಲಪ್ಪ" ಎಂದರು ಅತ್ತೆ. "ಅತ್ತೆ ಸೊಸೆ, ಅಷ್ಟೆ."

ಕಂಪನಿ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೂ ಮನೆಯಲ್ಲಿ ಒಂದು ಡಬ್ಬಿ ಇತ್ತೆಂದು ಕಾಣುತ್ತದೆ. ಮೇಜು ಉಳಿಯಿತು.

ಸೊಸೆ ಮನೆಗೆ ಬರುವ ಹೊತ್ತಿಗೆ ಅಡುಗೆ ಆಗಿತ್ತು. ಒಲೆಯ ಪಕ್ಕದ ಕೆಳಹಲಗೆಯಲ್ಲಿ ಉಪ್ಪಿನ ಡಬ್ಬಿ ಪಟ್ಟಕ್ಕೇರಿದ ಹಾಗೆ ಕುಳಿತಿತ್ತು. ಮುಕ್ಕಾಲಿಯನ್ನು ಹಿತ್ತಿಲಿಗೆ ಹಾಕಿಯಾಗಿತ್ತು. ಊಟಕ್ಕೆ ಕುಳಿತಾಗ ಅವಳಿಗೆ ತಡೆಯಲಾಗಲಿಲ್ಲ.

"ಅತ್ತೆ, ಆ ಯಂತ್ರ ಎಲ್ಲಿಟ್ರೂ ನಕ್ಷತ್ರ ಕೊಡುತ್ತೆ. ಅದರ ತೀರ್ಪಿಗೆ ಮೂರು ಕಾಸಿನ ಬೆಲೆ ಇಲ್ಲ."

"ಗೊತ್ತಮ್ಮ. ಎಣ್ಣೆ ಬಾಟಲಿನ ಬೇಕಂತಲೇ ಒಲೆ ಮೇಲೆ ಇಟ್ಟು ನೋಡಿದೆ. ಅದಕ್ಕೂ ಗಂಟೆ ಬಾರಿಸ್ತು."

"ಮತ್ತೆ ಡಬ್ಬಿ ಯಾಕೆ ಇಳಿಸಿದ್ರಿ?"

"ಯಂತ್ರ ಎಲ್ಲರಿಗೂ ಸರಿ ಅಂತ ಹೇಳುತ್ತೆ. ನೀನು ಎರಡು ವರ್ಷದಲ್ಲಿ ಒಂದೇ ಸಲ ಹೇಳಿದ್ದು. ಅದೂ ಹಿಂದಿರೋರಿಗೆ ಕೇಳಿಸೋ ಹಾಗೆ."

ಗಂಡನ ಕಿವಿ ಕೆಂಪಾಯಿತು. ಅವನು ನಗು ತಡೆಯುತ್ತಿದ್ದ.

ಸೊಸೆ ಒಂದು ತುತ್ತು ಬಾಯಿಗಿಟ್ಟಳು. ಉಪ್ಪು ಸಾಲದು. ಎದ್ದು ಒಲೆಯ ಹತ್ತಿರ ಹೋಗಿ, ಅಭ್ಯಾಸಬಲದಿಂದ ಮೇಲಿನ ಹಲಗೆಗೆ ಕೈ ಚಾಚಿದಳು. ಹಲಗೆ ಖಾಲಿ.

ಬೆನ್ನ ಹಿಂದಿನಿಂದ ಅತ್ತೆಯ ದನಿ ತುಂಬ ಮರ್ಯಾದೆಯಿಂದ ಬಂತು:

"ಕೆಳಗೆ ನೋಡಿ, ಮೇಡಂ."